ರಿಪ್ಲೈ 1988: ಹಿಂದಿನ ಎರಡು ಸರಣಿ ನೋಡಿರಲೇಬೇಕಾ?

ಪ್ರಶ್ನೆ: ಕೊರಿಯನ್ ಧಾರಾವಾಹಿ 'ರಿಪ್ಲೈ' ಮಾಲೆಯಲ್ಲಿ ನೇರವಾಗಿ 1988 ಶುರು ಮಾಡಿದ್ರೆ ಅರ್ಥ ಆಗುತ್ತಾ? ಮೊದಲ ಕಂತಲ್ಲೇ ಹೆಸರುಗಳು ಗೋಜಲು.

ಉತ್ತರ 1: ಧಾರಾಳವಾಗಿ ನೋಡಿ. ಹಿಂದಿನ 'ರಿಪ್ಲೈ 1997' (2012ರಲ್ಲಿ ಬಂದಿದ್ದು), 'ರಿಪ್ಲೈ 1994' (2013ರಲ್ಲಿ ಬಂದಿದ್ದು) ಬೇರೆಯೇ ಕಥೆಗಳು. ಹೆಸರು ಬಿಡಿ, ಮನೆ ಗುರುತಿಟ್ಟುಕೊಳ್ಳಿ. ಸೋಲ್‌ನ ಸಾಂಗ್‌ಮುನ್‌ದಾಂಗ್‌ನ ಒಂದೇ ಓಣಿ. ಅರೆನೆಲಮಾಳಿಗೆಯಲ್ಲಿ ನಾಯಕಿ ದೊಕ್‌ಸನ್, ಮೇಲೆ ಮಾಲೀಕರ ಮಗ ಜಂಗ್‌ಹ್ವಾನ್. ಅದೇ ಓಣಿಯ ತೇಕ್ 'ಗೋ' ಅನ್ನೋ ಮಣೆಯಾಟದ ಆಟಗಾರ. ಊಟದ ಹೊತ್ತಿಗೆ ಮಕ್ಕಳು ಮನೆಯಿಂದ ಮನೆಗೆ ಪಲ್ಯದ ಬಟ್ಟಲು ಸಾಗಿಸುವ ದೃಶ್ಯ ಇನ್ನೊಮ್ಮೆ ನೋಡಿ, ಯಾರ ಮನೆ ಯಾವುದು ಗೊತ್ತಾಗುತ್ತೆ.

ಉತ್ತರ 2: ಒಟ್ಟು 20 ಕಂತು, ಒಂದೊಂದೂ ಸಿನಿಮಾದಷ್ಟು ಉದ್ದ. ಹಾಗಂತ ವೇಗ ಹೆಚ್ಚಿಸಿ ಓಡಿಸಬೇಡಿ. ಪ್ರೀತಿಯೆಲ್ಲ ಮಾತಿಲ್ಲದ ಕಡೆ ಇದೆ: ತುಂಬಿದ ಬಸ್ಸಲ್ಲಿ ದೊಕ್‌ಸನ್‌ಗೆ ತಳ್ಳಾಟ ತಾಗದಂತೆ ಅಡ್ಡ ನಿಂತ ಜಂಗ್‌ಹ್ವಾನ್ ಕೈಯಲ್ಲಿ ನರ ಉಬ್ಬಿರುತ್ತೆ. ನಾಯಕಿಯ ಗಂಡ ಯಾರು ಅಂತ ಮಾತ್ರ ಗೂಗಲ್ ಮಾಡ್ಬೇಡಿ ಮಾರಾಯ್ರೆ!

ಉತ್ತರ 3: ಒಲಿಂಪಿಕ್ಸ್‌ನಲ್ಲಿ ಮಡಗಾಸ್ಕರ್ ತಂಡದ ಹೆಸರಿನ ಫಲಕ ಹಿಡಿಯೋಕೆ ನಾಯಕಿ ತಯಾರಾಗಿ, ಆ ತಂಡವೇ ಬಾರದ ಪ್ರಸಂಗ ಕಟ್ಟುಕಥೆ ಅನ್ಕೋಬೇಡಿ. ಆ ದೇಶ ನಿಜವಾಗಿಯೂ 1988ರ ಸೋಲ್ ಒಲಿಂಪಿಕ್ಸ್‌ಗೆ ಬರಲಿಲ್ಲ.