ಪ್ಲೇಯರಿಗೆ ಹಾಡು ಹಾಕುವುದೋ, ತುಂಬಿಸುವುದೋ, ಇಳಿಸುವುದೋ?

ಗೆಳೆಯರಿಗೆ ನಮಸ್ಕಾರ,

ಒಂದು ಕ್ರಿಯಾಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಕಂಪ್ಯೂಟರಿನಲ್ಲಿರುವ ಹಾಡನ್ನು ಎಂಪಿ3 ಪ್ಲೇಯರಿಗೆ ಸಾಗಿಸುವ ಕೆಲಸಕ್ಕೆ ನೀವು ಏನನ್ನುತ್ತೀರಿ? ಹಾಡು ಹಾಕಿದೆ ಅಂತೀರಾ, ತುಂಬಿಸಿದೆ ಅಂತೀರಾ, ಇಳಿಸಿದೆ, ಏರಿಸಿದೆ, ಕಾಪಿ ಮಾಡಿದೆ ಅಂತೀರಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ನನ್ನ ಹತ್ತಿರ ಇಂಥ ಪ್ಲೇಯರುಗಳಲ್ಲಿ ತೀರಾ ಹಳೆಯದೊಂದು ಇದೆ. 1998ರಲ್ಲಿ ಬಂದ ರಿಯೊ ಪಿಎಂಪಿ300. ಈಗಲೂ ಚೆನ್ನಾಗಿ ಹಾಡುತ್ತದೆ. ಮುಂದೆ ಯಾರ ಕೈಗೆ ಹೋದರೂ ಅವರಿಗೆ ಬಳಸಲು ಬರಲಿ ಅಂತ, ಅದನ್ನು ನಡೆಸುವ ಬಗೆಯನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಪೆನ್ಸಿಲ್ ಸೆಲ್ ಒಂದನ್ನು ಹಾಕುವುದು, ಇಯರ್‌ಫೋನ್ ಸಿಕ್ಕಿಸುವುದು, ಇವೆಲ್ಲ ಸಲೀಸಾಗಿ ಬಂದವು. ಹಾಡಿನ ವಿಷಯಕ್ಕೆ ಬಂದಾಗ ಪೆನ್ನು ನಿಂತಿತು.

ತೊಡಕು ಇರುವುದು ‘ಹಾಕು’ ಪದದಲ್ಲಿ. “ಒಂದು ಹಾಡು ಹಾಕು” ಅಂದರೆ ಕೇಳಿಸು, ಶುರು ಮಾಡು ಅಂತ ಅರ್ಥ ಅಲ್ವಾ? ಕ್ಯಾಸೆಟ್ ಕಾಲದಲ್ಲಿ ಇದಕ್ಕೆ ಕಾರಣವೂ ಇತ್ತು. ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿನ ಬಾಯಿಗೆ ಹಾಕಿದರೆ ತಾನೇ ಹಾಡು ಬರುತ್ತಿದ್ದುದು. ಒಳಗೆ ಹಾಕುವುದೂ ಕೇಳಿಸುವುದೂ ಹೆಚ್ಚುಕಡಿಮೆ ಒಂದೇ ಕೆಲಸ. ಅದಕ್ಕೆ ಒಂದೇ ಪದ ಸಾಕಾಗಿತ್ತು. ಡಿಜಿಟಲ್ ಪ್ಲೇಯರ್ ಬಂದು ಆ ಒಂದು ಕೆಲಸವನ್ನು ಎರಡಾಗಿ ಸೀಳಿತು. ಈಗ ಹಾಡನ್ನು ಒಳಗೆ ಕಳಿಸುವುದು ಒಂದು ಕೆಲಸ, ಅದೂ ಕಂಪ್ಯೂಟರಿನ ಮುಂದೆ ಕೂತು. ಕೇಳುವುದು ಇನ್ನೊಂದು ಕೆಲಸ, ಆಮೇಲೆ, ಬೇರೆ ಎಲ್ಲೋ. ಆದರೆ ನಾವು ಎರಡಕ್ಕೂ ‘ಹಾಕು’ ಅಂತಲೇ ಹೇಳುತ್ತಾ ಬಂದೆವು.

ವಿಭಕ್ತಿಯಿಂದ ಅರ್ಥ ಬೇರೆಯಾಗುತ್ತದೆ ಅಂತ ಮೊದಲು ಅನ್ನಿಸಿತು. “ಇದಕ್ಕೆ ಹಾಡು ಹಾಕು” ಅಂದರೆ ಒಳಗೆ ಸೇರಿಸು. “ಇದರಲ್ಲಿ ಹಾಡು ಹಾಕು” ಅಂದರೆ ಕೇಳಿಸು. ನನ್ನ ಕಿವಿಗೆ ಇದು ಸರಿಯಾಗೇ ಕೇಳುತ್ತದೆ. ಆದರೆ “ಇದರಲ್ಲಿ ಹೊಸ ಹಾಡು ಹಾಕಿದ್ದೀನಿ” ಅಂದ ಕೂಡಲೇ ಅದು ಸೇರಿಸುವ ಮಾತಾಗಿಬಿಡುತ್ತದೆ! ‘ಹಾಕಿಕೊಳ್ಳು’ ಅಂದರೂ ಬಿಡುಗಡೆ ಇಲ್ಲ. “ಹಾಡು ಹಾಕ್ಕೊಂಡು ಮಲಗಿದ್ದ” ಅಂದರೆ ಕೇಳುತ್ತಾ ಮಲಗಿದ್ದ ಅಂತ. “ಪ್ರಯಾಣಕ್ಕೆ ಮುಂಚೆ ಹಾಡು ಹಾಕ್ಕೊಂಡೆ” ಅಂದರೆ ಒಳಗೆ ಸೇರಿಸಿಕೊಂಡೆ ಅಂತ. ನನಗೆ ತಿಳಿದ ಮಟ್ಟಿಗೆ ‘ಹಾಕಿಸಿಕೊಳ್ಳು’ ಒಂದೇ ಯಾವ ಗೊಂದಲವೂ ಇಲ್ಲದೆ ನಿಲ್ಲುವ ರೂಪ. ಅದರಲ್ಲಿ ಕೇಳಿಸುವ ಅರ್ಥ ಬರುವುದೇ ಇಲ್ಲ. ಆದರೆ ಅಲ್ಲಿ ಕೆಲಸ ಮಾಡುವವರು ಬೇರೆಯವರು, ಹಾಗಾಗಿ ನನ್ನ ಬರಹಕ್ಕೆ ಒಗ್ಗದು. ಹಾಡು ಕೇಳಿಸುವುದಕ್ಕೆ ‘ಹಚ್ಚು’ ಅನ್ನುವ ಕಡೆಯವರಿಗೆ ಮಾತ್ರ ಈ ಕಷ್ಟ ಇಲ್ಲ. ಅವರಿಗೆ ಹಾಕುವುದು ಬೇರೆ, ಹಚ್ಚುವುದು ಬೇರೆ. ಎಷ್ಟು ಚೆನ್ನಾಗಿದೆ ನೋಡಿ!

‘ಇಳಿಸು’, ‘ಏರಿಸು’ ಎರಡೂ ಈಗ ಇಂಟರ್‌ನೆಟ್ಟಿನ ಪದಗಳಾಗಿ ನೆಲೆ ನಿಂತಿವೆ. ನೆಟ್ಟಿನಿಂದ ಕಂಪ್ಯೂಟರಿಗೆ ಬಂದರೆ ಇಳಿಯಿತು, ಕಂಪ್ಯೂಟರಿನಿಂದ ನೆಟ್ಟಿಗೆ ಹೋದರೆ ಏರಿತು. ಕಂಪ್ಯೂಟರಿನಿಂದ ಪ್ಲೇಯರಿಗೆ ಹೋಗುವುದು ಇಳಿಯುವುದೋ ಏರುವುದೋ? ಎರಡೂ ಕಿವಿಗೆ ಕೂರುವುದಿಲ್ಲ. ಇನ್ನೊಂದು ಮಾತು. ಇಳಿಸು ಅಂದರೆ ಏರಿಸುವುದೂ ಸಾಧ್ಯ ಅನ್ನುವ ಭಾವನೆ ಬರುತ್ತದೆ. ಈ ರಿಯೊದಲ್ಲಿ ದಾರಿ ಒಂದೇ ಕಡೆಗೆ. ಕಂಪ್ಯೂಟರಿನ ಹಿಂಬದಿ ಪ್ರಿಂಟರ್ ಸಿಕ್ಕಿಸುವ ಪ್ಯಾರಲಲ್ ಪೋರ್ಟಿಗೆ ಕೇಬಲ್ ಹಾಕಿ ಹಾಡು ಕಳಿಸಬೇಕು. ಹೋದ ಹಾಡನ್ನು ವಾಪಸ್ ಕಂಪ್ಯೂಟರಿಗೆ ತರಲು ಅದರ ಜೊತೆ ಬಂದ ಸಾಫ್ಟ್‌ವೇರಿನಲ್ಲಿ ಅವಕಾಶವೇ ಇರಲಿಲ್ಲ.

‘ರೆಕಾರ್ಡ್ ಮಾಡು’ ಅನ್ನಬಹುದಲ್ಲ ಅಂತ ಯಾರಾದರೂ ಕೇಳಬಹುದು. ಕ್ಯಾಸೆಟ್ಟಿಗೆ ಹಾಗೇ ಹೇಳುತ್ತಿದ್ದೆವು. ಇಲ್ಲಿ ಮಾತ್ರ ಆ ಪದ ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ, ಯಾಕೆಂದರೆ ಇದೇ ಪ್ರಶ್ನೆ ಇದೇ ಯಂತ್ರದ ಮೇಲೆ ಕೋರ್ಟಿಗೆ ಹೋಗಿತ್ತು. 1998ರ ಅಕ್ಟೋಬರಿನಲ್ಲಿ ಅಮೆರಿಕದ ರೆಕಾರ್ಡಿಂಗ್ ಕಂಪನಿಗಳ ಸಂಘ ರಿಯೊ ತಯಾರಿಸಿದ ಡೈಮಂಡ್ ಮಲ್ಟಿಮೀಡಿಯಾ ಕಂಪನಿಯ ಮೇಲೆ ಕೇಸು ಹಾಕಿತು. 1992ರ ಅಲ್ಲಿನ ಕಾನೂನಿನ ಪ್ರಕಾರ ಇದು ಡಿಜಿಟಲ್ ಆಗಿ ಹಾಡು ರೆಕಾರ್ಡ್ ಮಾಡುವ ಯಂತ್ರ, ಅದಕ್ಕಿರುವ ನಿಯಮಗಳನ್ನು ಪಾಲಿಸಬೇಕು, ರಾಯಲ್ಟಿ ಕಟ್ಟಬೇಕು ಅಂತ ವಾದ. 1999ರ ಜೂನಿನಲ್ಲಿ ಮೇಲ್ಮನವಿ ಕೋರ್ಟು ಅದನ್ನು ಒಪ್ಪಲಿಲ್ಲ. ರಿಯೊ ಸಂಗೀತದ ಡಿಸ್ಕಿನಿಂದ ನೇರವಾಗಿ ಏನನ್ನೂ ರೆಕಾರ್ಡ್ ಮಾಡುವುದಿಲ್ಲ, ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಆಗಲೇ ಇರುವ ಫೈಲನ್ನು ಜೊತೆಗೆ ಒಯ್ಯುವ ಹಾಗೆ ಮಾಡುತ್ತದೆ ಅಷ್ಟೇ ಅಂತ ಹೇಳಿತು. ಈ ತೀರ್ಪು ಬರದಿದ್ದರೆ ಆಮೇಲೆ ಬಂದ ಪ್ಲೇಯರುಗಳ ದಾರಿ ಇಷ್ಟು ಸಲೀಸಾಗಿ ಇರುತ್ತಿರಲಿಲ್ಲ.

ಈಗ ‘ತುಂಬಿಸು’. ನನ್ನ ಒಲವು ಇದರ ಕಡೆಗೇ, ಅದಕ್ಕೆ ಕಾರಣ ಜಾಗ. ಈ ಪ್ಲೇಯರಿನ ಒಳಗಿರುವುದು 32 ಎಂಬಿ ಮೆಮೊರಿ. ಸೆಕೆಂಡಿಗೆ 128 ಕಿಲೋಬಿಟ್ ಲೆಕ್ಕದ ಎಂಪಿ3 ಆದರೆ ಒಂದು ನಿಮಿಷದ ಹಾಡಿಗೆ ಹತ್ತಿರ ಹತ್ತಿರ 1 ಎಂಬಿ ಬೇಕು. ಅಂದರೆ ಇಡೀ ಪ್ಲೇಯರಿನಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಸಂಗೀತ. ಐದೈದು ನಿಮಿಷದ ಆರು ಹಾಡು ಹಿಡಿಸಿದರೆ ಮುಗಿಯಿತು. ಅದೇ ಹಾಡು ಸಿಡಿಯಲ್ಲಿರುವಂತೆಯೇ ಇದ್ದಿದ್ದರೆ ನಿಮಿಷಕ್ಕೆ 10 ಎಂಬಿ ಆಗುತ್ತಿತ್ತು, ಒಂದು ಹಾಡೂ ಹಿಡಿಸುತ್ತಿರಲಿಲ್ಲ. ಜಾಸ್ತಿ ಬೇಕೆಂದರೆ ಸ್ಮಾರ್ಟ್‌ಮೀಡಿಯಾ ಕಾರ್ಡ್ ಸಿಕ್ಕಿಸಬೇಕು, ಇಲ್ಲವೇ ಕಿಲೋಬಿಟ್ಟನ್ನು 64ಕ್ಕೆ ತಗ್ಗಿಸಬೇಕು. ತಗ್ಗಿಸಿದರೆ ತಾಳದ ಝಣ ಮಂಕಾಗುತ್ತದೆ, ಹಾಡುವವರ ದನಿ ಡಬ್ಬದೊಳಗಿಂದ ಬಂದ ಹಾಗಿರುತ್ತದೆ. ಹೀಗಾಗಿ ಹಾಡು ಸೇರಿಸುವಾಗೆಲ್ಲ ಎಷ್ಟು ಜಾಗ ಉಳಿದಿದೆ ಅನ್ನುವುದರ ಮೇಲೇ ಕಣ್ಣು. ಕೊನೆಯ ಹಾಡಿಗೆ ಅರ್ಧ ಎಂಬಿ ಸಾಲದೆ ಬಂದರೆ ಅದನ್ನು ಬಿಡುವುದೋ, ಮೊದಲಿನ ಯಾವುದನ್ನಾದರೂ ಅಳಿಸುವುದೋ ಅಂತ ಲೆಕ್ಕ. ಈ ಕೆಲಸಕ್ಕೆ ‘ತುಂಬಿಸು’ ಅನ್ನದೆ ಬೇರೇನು ಅನ್ನಲಿ?

ವ್ಯಾಕರಣದಲ್ಲೂ ಈ ಪದ ಒಳ್ಳೆಯ ಕೆಲಸಗಾರ. ಕೊಡವನ್ನು ತುಂಬಿಸಬಹುದು, ಕೊಡಕ್ಕೆ ನೀರನ್ನೂ ತುಂಬಿಸಬಹುದು. ಹಾಗೆಯೇ ಪ್ಲೇಯರನ್ನು ತುಂಬಿಸಿದೆ, ಪ್ಲೇಯರಿಗೆ ಹಾಡು ತುಂಬಿಸಿದೆ, ಎರಡೂ ಸರಿ. “ಪ್ಲೇಯರ್ ತುಂಬಿತು” ಅಂದರೆ ಇನ್ನು ಜಾಗ ಇಲ್ಲ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಒಂದು ಅನುಮಾನ ಉಳಿದಿದೆ. 2001ರ ಅಕ್ಟೋಬರಿನಲ್ಲಿ ಬಂದ ಮೊದಲ ಐಪಾಡ್‌ನಲ್ಲಿ 5 ಜಿಬಿಯ ಪುಟ್ಟ ಹಾರ್ಡ್ ಡಿಸ್ಕ್ ಇತ್ತು, ಸಾವಿರ ಹಾಡು ಹಿಡಿಸುತ್ತದೆ ಅಂತಲೇ ಅದನ್ನು ಸಾರಿದ್ದು. ಅಷ್ಟು ದೊಡ್ಡ ಜಾಗದಲ್ಲಿ ಒಂದು ಹಾಡನ್ನು ‘ತುಂಬಿಸಿದೆ’ ಅನ್ನುವುದು ಸಹಜವಾ? ನನಗೆ ಅಲ್ಲಿ ‘ಹಾಕಿದೆ’, ‘ಸೇರಿಸಿದೆ’ ಅನ್ನುವುದೇ ಹಿತ. ಆದರೆ ಆ ಯಂತ್ರದ ಒಳಗೆ ತುಂಬುವ ಇನ್ನೊಂದು ಕೆಲಸ ನಡೆಯುತ್ತಿತ್ತು. ಡಿಸ್ಕ್ ಸದಾ ತಿರುಗುತ್ತಿದ್ದರೆ ಬ್ಯಾಟರಿ ಉಳಿಯುವುದಿಲ್ಲ. ಹಾಗಾಗಿ ಅದು ಸ್ವಲ್ಪ ಹೊತ್ತು ತಿರುಗಿ, ಮುಂದಿನ ಹಾಡುಗಳನ್ನು 32 ಎಂಬಿಯ ಮೆಮೊರಿಗೆ ತುಂಬಿಕೊಂಡು, ಸುಮ್ಮನಾಗುತ್ತಿತ್ತು. ಕೈಯಲ್ಲಿ ಹಿಡಿದಿದ್ದರೆ ಆ ಸಣ್ಣ ನಡುಕ ಬೆರಳಿಗೆ ತಿಳಿಯುತ್ತದೆ. ರಿಯೊದಲ್ಲಿ ಇಡೀ ಯಂತ್ರದ ಜಾಗ ಎಷ್ಟಿತ್ತೋ, ಐಪಾಡ್‌ನಲ್ಲಿ ಈ ತಾತ್ಕಾಲಿಕ ಮೆಮೊರಿಯೇ ಅಷ್ಟು. ಇಲ್ಲಿ ‘ತುಂಬಿಕೊಳ್ಳು’ ಸೊಗಸಾಗಿ ಕೂರುತ್ತದೆ, ಯಂತ್ರ ತನಗಾಗಿ ತಾನೇ ಮಾಡಿಕೊಳ್ಳುವ ಕೆಲಸ ತಾನೇ.

ಇದರ ಜೊತೆಗೇ ‘ತೆಗೆ’ ಅನ್ನುವುದನ್ನೂ ಕೇಳಬೇಕು. ಸಿಡಿಯಲ್ಲಿರುವ ಹಾಡನ್ನು ಕಂಪ್ಯೂಟರಿನಲ್ಲಿ ಎಂಪಿ3 ಮಾಡಿಕೊಳ್ಳುವುದಕ್ಕೆ “ಸಿಡಿಯಿಂದ ಹಾಡು ತೆಗೆದೆ” ಅನ್ನುತ್ತೇವೆ. “ಪ್ಲೇಯರಿನಿಂದ ಹಾಡು ತೆಗೆದೆ” ಅಂದರೆ ಅಳಿಸಿಹಾಕಿದೆ ಅಂತ. ಒಂದರಲ್ಲಿ ಹಾಡು ಸಿಡಿಯಲ್ಲೂ ಹಾಗೇ ಉಳಿದು ನಮಗೂ ಸಿಗುತ್ತದೆ, ಇನ್ನೊಂದರಲ್ಲಿ ಇದ್ದದ್ದೂ ಹೋಗುತ್ತದೆ. ‘ಕೀಳು’ ಅಂದರೆ ಸಿಡಿಯಲ್ಲಿ ಏನೂ ಉಳಿಯಲಿಲ್ಲ ಅನ್ನುವ ಹಾಗಾಗುತ್ತದೆ. ‘ಎತ್ತು’ ಅಂದರೆ ಕದ್ದ ವಾಸನೆ ಬರುತ್ತದೆ, ತಾನೇ ಕೊಂಡ ಸಿಡಿಗೆ ಆ ಮಾತು ಅನ್ಯಾಯ. ಸದ್ಯಕ್ಕೆ ಸಿಡಿಗೆ ‘ತೆಗೆದುಕೊಳ್ಳು’, ಪ್ಲೇಯರಿಗೆ ‘ಅಳಿಸು’ ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ಖಂಡಿತ ಬದಲಾಯಿಸುತ್ತೇನೆ.

‘ಎಂಪಿ3’ ಅನ್ನುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1995ರಲ್ಲಿ ಫೈಲಿನ ಹೆಸರಿನ ಬಾಲವಾಗಿ ಹುಟ್ಟಿದ ಮಾತು ಅದು. ನಮ್ಮ ಬಾಯಲ್ಲಿ ಫೈಲೂ ಅದೇ, ಹಾಡು ತುಂಬಿದ ಡಿಸ್ಕೂ ಅದೇ, ಯಂತ್ರವೂ ಅದೇ. ಬರಹದಲ್ಲಿ ಯಂತ್ರಕ್ಕೆ ‘ಪ್ಲೇಯರ್’ ಅಂತ ಸೇರಿಸಿದರೆ ಸಾಕು ಅನ್ನಿಸುತ್ತದೆ.

ಹಾಗಾಗಿ ನಾನು ತಿಳಿಯಬೇಕಿರುವುದು ಇಷ್ಟು. ನಿಮ್ಮ ಮನೆಮಾತಿನಲ್ಲಿ “ಪ್ಲೇಯರಿಗೆ ಹಾಡು ತುಂಬಿಸು” ಅನ್ನುವುದು ಸಹಜವಾಗಿ ಬರುತ್ತದೆಯೇ, ಇಲ್ಲಾ ಪುಸ್ತಕದ ಮಾತಿನ ಹಾಗೆ ಕೇಳುತ್ತದೆಯೇ? ‘ತುಂಬು’ ಮತ್ತು ‘ತುಂಬಿಸು’ ಎರಡರಲ್ಲಿ ಯಾವುದು? ನನ್ನ ಬಾಯಿಗೆ ಎರಡೂ ಬರುತ್ತವೆ, ಅದಕ್ಕೇ ನನ್ನ ಕಿವಿಯೊಂದನ್ನೇ ನಂಬಲಾರೆ. ‘ಹಚ್ಚು’ ಬಳಸುವವರು ಒಳಗೆ ಸೇರಿಸುವುದಕ್ಕೆ ಏನು ಹೇಳುತ್ತಾರೆ ಅನ್ನುವುದನ್ನೂ ದಯವಿಟ್ಟು ಬರೆಯಿರಿ. ಕ್ಯಾಸೆಟ್ ಕಾಲದಲ್ಲೇ ಹಾಡು ‘ತುಂಬಿಸಿದ’ ನೆನಪು ಯಾರಿಗಾದರೂ ಇದ್ದರೆ, ಆಗ ಆಡುತ್ತಿದ್ದ ವಾಕ್ಯವನ್ನು ಇದ್ದ ಹಾಗೇ ಕೊಟ್ಟರೆ ತುಂಬಾ ಉಪಕಾರ.