ಕ್ರೂಸ್ ನಿಂತ ದಿನ ವ್ಯಾಟಿಕನ್ ಮ್ಯೂಸಿಯಂ: ನಮಗೇ ಅಂತ ಗೈಡ್ ಬೇಕಾ?

ಪ್ರಶ್ನೆ: ಮುಂದಿನ ತಿಂಗಳು ಅಪ್ಪ ಅಮ್ಮನ ಜೊತೆ ಕ್ರೂಸ್ ಹೋಗುತ್ತಿದ್ದೇವೆ. ಹಡಗು ರೋಮ್‌ಗೆ ಹೋಗುವ ಬಂದರು ಚಿವಿಟಾವೆಕ್ಕಿಯಾದಲ್ಲಿ ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ನಿಲ್ಲುತ್ತದೆ. ವ್ಯಾಟಿಕನ್ ಮ್ಯೂಸಿಯಂ ಒಂದು ನೋಡಿದರೂ ಸಾಕು. ಹಡಗಿನವರ ಟೂರ್‌ನಲ್ಲಿ ದೊಡ್ಡ ಗುಂಪು, ಅಪ್ಪನಿಗೆ ಮಂಡಿ ನೋವು ಬೇರೆ. ಖಾಸಗಿ ಗೈಡ್‌ಗೆ ಅಷ್ಟು ದುಡ್ಡು ಕೊಡಬಹುದಾ?

ಉತ್ತರ 1: ಕೊಡಿ, ದಂಡ ಆಗಲ್ಲ. ಮ್ಯೂಸಿಯಂನಲ್ಲೇ ಇರುವ ಸಿಸ್ಟೀನ್ ಚಾಪೆಲ್ (ಪ್ರಾರ್ಥನಾ ಮಂದಿರ) ಒಳಗೆ ಗೈಡ್ ವಿವರಣೆ ಕೊಡುವ ಹಾಗಿಲ್ಲ, ಫೋಟೊನೂ ಇಲ್ಲ. ನಮ್ಮ ಗೈಡ್ ಮೊದಲೇ ಅಂಗಳದಲ್ಲಿ ಕೂರಿಸಿ ಅದರ ಛಾವಣಿಯ ಮೈಕೆಲಾಂಜೆಲೊ ಚಿತ್ರಗಳನ್ನು ಒಂದೊಂದಾಗಿ ಹೇಳಿದ್ದರಿಂದ ಒಳಗೆ ಕತ್ತೆತ್ತಿದಾಗ ಯಾವುದು ಏನು ಅಂತ ತಿಳಿಯಿತು, ಇಲ್ಲದಿದ್ದರೆ ಸುಮ್ನೆ ಬಣ್ಣ ನೋಡಿ ಬರುತ್ತಿದ್ದೆವು. ಅಪ್ಪನಿಗೆ ಅಲ್ಲೇ ವೀಲ್‌ಚೇರ್ ಉಚಿತವಾಗಿ ಸಿಗುತ್ತದೆ, ಕೇಳಿ.

ಉತ್ತರ 2: ರೋಮ್ ಅಲ್ಲಿಂದ ಸುಮಾರು 70-80 ಕಿ.ಮೀ. ರೈಲಿನಲ್ಲಾದರೆ ವ್ಯಾಟಿಕನ್ ಹತ್ತಿರದ ಸ್ಯಾನ್ ಪಿಯೆಟ್ರೊ ನಿಲ್ದಾಣದಲ್ಲಿ ಇಳಿಯಿರಿ. ಸ್ವಂತವಾಗಿ ಹೋದವರು ತಡವಾದರೆ ಹಡಗು ಕಾಯುವುದಿಲ್ಲ, ಮಧ್ಯಾಹ್ನ 3ಕ್ಕೆಲ್ಲ ಹೊರಟುಬಿಡಿ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಅಂದಹಾಗೆ ಯಾವ ವಾರ? ತಿಂಗಳ ಕೊನೆಯದು ಬಿಟ್ಟರೆ ಉಳಿದ ಭಾನುವಾರ ಮ್ಯೂಸಿಯಂ ಮುಚ್ಚಿರುತ್ತದೆ.

ಪ್ರಶ್ನೆ ಕೇಳಿದವರು: ಅಯ್ಯೋ, ಈಗ ನೋಡಿದೆ. ಎರಡನೇ ಭಾನುವಾರ!

ಉತ್ತರ 1: ಹಾಗಾದರೆ ಅದೇ ಗೈಡ್ ಹತ್ತಿರ ರೋಮ್‌ನ ಪುರಾತನ ಕ್ರೀಡಾಂಗಣ ಕೊಲೊಸಿಯಂ ತೋರಿಸಲು ಕೇಳಿ, ಅದು ಭಾನುವಾರವೂ ತೆರೆದಿರುತ್ತದೆ. ಮೆಟ್ಟಿಲು ಜಾಸ್ತಿ, ಲಿಫ್ಟ್ ಇದೆ.