'ಸಂಸ್ಥಾನ ಪದವಿ'ಗೆ ಸರಿಯಾದ ಕನ್ನಡ ಯಾವುದು?

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ರ ಕನ್ನಡ ಮೀಡಿಯಂ ಮಕ್ಕಳಿಗೆ ಸಂಜೆ ಸಮಾಜ ಪಾಠ ಹೇಳಿಕೊಡ್ತೇನೆ. ಮೊನ್ನೆ ಒಂದು ಪ್ರಶ್ನೆಪತ್ರಿಕೆ ಸಿಕ್ಕಿತು, ಮಲಯಾಳದಿಂದ ಕನ್ನಡಕ್ಕೆ ಮಾಡಿದ್ದು, ಅದ್ರಲ್ಲಿ 'ದೆಹಲಿಗೆ ಪೂರ್ಣ ಸಂಸ್ಥಾನ ಪದವಿ ಉಂಟೇ' ಅಂತ ಕೇಳಿದ್ದಾರೆ. ಒಬ್ಬಳು ಹುಡುಗಿ 'ಪದವಿ'ಯ ಅಡಿಗೆ ಪೆನ್ಸಿಲಲ್ಲಿ ಗೆರೆ ಎಳೆದು, ಪದವಿ ಅಂದ್ರೆ ಬಿಎ ಬಿಕಾಂ ಅಲ್ವಾ ಸಾರ್, ಊರಿಗೆ ಹೇಗೆ ಕೊಡೋದು ಅಂದ್ಳು. ಅವಳದ್ದೇನೂ ತಪ್ಪಿಲ್ಲ. ನಮಗೆ ಸಂಸ್ಥಾನ ಅಂದ್ರೆ ಮೈಸೂರು ಅರಸರದ್ದು. ಮಲಯಾಳದವರಿಗೆ ಸಂಸ್ಥಾನ ಅಂದ್ರೆ ನಮ್ಮ ರಾಜ್ಯ, ರಾಜ್ಯ ಅಂದ್ರೆ ದೇಶ. 'ರಾಜ್ಯತಲಸ್ಥಾನ' ಅಂತ ಅವರು ದೆಹಲಿಗೆ ಹೇಳಿದ್ದು ನಮ್ಮ ಮಕ್ಕಳ ಕಿವಿಗೆ ತಿರುವನಂತಪುರ ಆಗ್ತದೆ.

ಕನ್ನಡ ನ್ಯೂಸ್ ಪೇಪರಿನವರು ಇದಕ್ಕೆ ಬರೆಯೋದು 'ರಾಜ್ಯದ ಸ್ಥಾನಮಾನ'. ಆದ್ರೆ ಸಂವಿಧಾನದ 371ಜೆ ವಿಧಿಯಲ್ಲಿ ಕಲ್ಯಾಣ ಕರ್ನಾಟಕಕ್ಕೆ ಸಿಕ್ಕಿದ್ದಕ್ಕೂ 'ವಿಶೇಷ ಸ್ಥಾನಮಾನ' ಅಂತಲೇ ಹೇಳ್ತೇವಲ್ಲ, ಮಕ್ಕಳಿಗೆ ಎರಡೂ ಒಂದೇ ಅನ್ನಿಸ್ತದೆ. ದೆಹಲಿಗಾದ್ರೂ ಇದು ಹೊಂದ್ತದೆ ಅನ್ನಿ, ಅಲ್ಲಿ 7 ಜನ ಲೋಕಸಭೆಗೆ ಹೋಗ್ತಾರೆ, 1991ರ 69ನೇ ತಿದ್ದುಪಡಿಯಿಂದ 70 ಸೀಟಿನ ವಿಧಾನಸಭೆಯೂ ಬಂತು, ಕಾನೂನು ಸುವ್ಯವಸ್ಥೆ, ಪೊಲೀಸು, ಭೂಮಿ ಕೇಂದ್ರದ ಕೈಯಲ್ಲಿ ಉಳೀತು. ಅಮೆರಿಕದ ರಾಜಧಾನಿ ವಾಷಿಂಗ್ಟನ್ ಡಿಸಿಯೂ ರಾಜ್ಯ ಅಲ್ಲ, ಆದ್ರೆ ಅಲ್ಲಿಯವರ ಕಥೆ ಹಾಗಲ್ಲ. 1961ರ ತಿದ್ದುಪಡಿ ಬರೋ ತನಕ ಅವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಓಟೇ ಇರ್ಲಿಲ್ಲ. ವ್ಯೋಮಿಂಗ್ ರಾಜ್ಯಕ್ಕಿಂತ ಜಾಸ್ತಿ ಜನ ಇದ್ದೂ ಇವತ್ತಿಗೂ ಮೇಲ್ಮನೆಯಲ್ಲಿ ಒಬ್ಬ ಸೆನೆಟರ್ ಇಲ್ಲ, ಕೆಳಮನೆಯಲ್ಲಿ ಒಬ್ರು ಇದ್ದಾರೆ, ಅವರು ಮಾತಾಡ್ಬಹುದು, ಸಮಿತಿಯಲ್ಲಿ ಓಟು ಹಾಕ್ಬಹುದು, ಮಸೂದೆ ಪಾಸಾಗೋ ಹೊತ್ತಿಗೆ ಅವರ ಓಟು ಲೆಕ್ಕಕ್ಕಿಲ್ಲ. ಪ್ರಾತಿನಿಧ್ಯ ಇಲ್ಲದೆ ತೆರಿಗೆ ಕಟ್ತಿದ್ದೇವೆ ಅಂತ ಕಾರಿನ ನಂಬರ್ ಪ್ಲೇಟಲ್ಲೇ ಬರ್ಕೊಂಡಿದ್ದಾರೆ. ಇಷ್ಟಕ್ಕೆಲ್ಲ 'ಸ್ಥಾನಮಾನ' ಅಂದ್ರೆ ಯಾರೋ ಮರ್ಯಾದೆಗೆ ಶಾಲು ಹೊದೆಸಿದ ಹಾಗೆ ಕೇಳ್ತದೆ, ಅವರು ಕೇಳ್ತಿರೋದು ಹಕ್ಕು. ಪೌರತ್ವ, ಸದಸ್ಯತ್ವ ಇದ್ದ ಹಾಗೆ 'ರಾಜ್ಯತ್ವ' ಅನ್ನಬಹುದಾ? ನನಗೆ ಅದೇ ಹಿಡಿಸಿದ್ದು. 1956ರಲ್ಲಿ ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋದ ಊರಿನವರು ನಾವು, ರಾಜ್ಯ ಅನ್ನೋ ಪದ ನಮಗೆ ಬರೀ ಪರೀಕ್ಷೆಯದ್ದಲ್ಲ.

ಇನ್ನೊಂದು ಉಂಟು. ಡಿಸಿಯಿಂದ ಕೆಳಮನೆಗೆ ಹೋಗೋ, ಓಟಿಲ್ಲದ ಆ ಒಬ್ರಿಗೆ ಏನನ್ನೋಣ? 'ಮತವಿಲ್ಲದ ಪ್ರತಿನಿಧಿ' ಅಂದೆ, ಮಲಯಾಳದಲ್ಲಿ ಮತ ಅಂದ್ರೆ ಸಾಮಾನ್ಯವಾಗಿ ಧರ್ಮ ಆದ್ದರಿಂದ ಇಲ್ಲಿಯ ಮಕ್ಕಳು ನಾಸ್ತಿಕ ಅಂತ ತಿಳ್ಕೊಂಡ್ರು. ಕೊನೆಗೆ ಬೋರ್ಡಲ್ಲಿ 'ಓಟಿಲ್ಲದ ಪ್ರತಿನಿಧಿ' ಅಂತ ಬರೆದೆ. 'ನಿಯೋಗಿ' ಸರಿ ಹೋಗ್ತದಾ, ಅದನ್ನು ಈ ಅರ್ಥದಲ್ಲಿ ಯಾರಾದ್ರೂ ಬಳಸಿದ್ದು ನೋಡಿದ್ದೀರಾ? ಸೋಮವಾರದ ಒಳಗೆ ಹೇಳಿದ್ರೆ ನೋಟ್ಸಲ್ಲಿ ತಿದ್ದಿ ಕೊಡ್ತೇನೆ.